ಬಾಯಿ ಬಿಡದ ಮಕ್ಕಳು

ಗೆಳತಿಯೊಬ್ಬಳು ಇವತ್ತು ಮಗನ ರಿಪೋರ್ಟ್ ಕಾರ್ಡ್ ಫೋಟೋ ಕಳಿಸಿದ್ದಳು. ಅಂಕ ಎಲ್ಲ ಚೆನ್ನಾಗೇ ಇದೆ. ಕೆಳಗೆ ಕೆಂಪು ಇಂಕಲ್ಲಿ ಒಂದು ಸಾಲು: "ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ."

ನೋಡಿದ ತಕ್ಷಣ ನೆನಪಾದವರು ಸೂಸನ್ ಫಿಲಿಪ್ಸ್. ಮಾನವಶಾಸ್ತ್ರಜ್ಞೆ. ಅಮೆರಿಕದ ಒರೆಗಾನ್‌ನ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿ ಮಕ್ಕಳ ಕ್ಲಾಸಲ್ಲಿ ಕೂತು ಸುಮ್ನೆ ಗಮನಿಸಿದವರು. ಟೀಚರ್ ಒಬ್ಬರನ್ನೇ ಎಬ್ಬಿಸಿ ಎಲ್ಲರೆದುರು ಪ್ರಶ್ನೆ ಕೇಳಿದರೆ ಮಕ್ಕಳು ತೆಪ್ಪಗೆ ನಿಲ್ಲುತ್ತಿದ್ದರು. ಅದೇ ಮಕ್ಕಳನ್ನು ಗುಂಪು ಮಾಡಿ ಅವರ ಪಾಡಿಗೆ ಬಿಟ್ಟರೆ ಮಾತು, ಕೆಲಸ ಎರಡೂ ಸಲೀಸು. ಯಾಕಂದ್ರೆ ಅವರ ಮನೆಯಲ್ಲಿ ಕಲಿಯೋ ರೀತಿಯೇ ಬೇರೆ: ದೊಡ್ಡವರನ್ನು ನೋಡಬೇಕು, ಜೊತೆಗೆ ಸ್ವಲ್ಪ ಕೈ ಹಾಕಬೇಕು, ಆಮೇಲೆ ಯಾರೂ ಇಲ್ಲದಾಗ ತಾನೇ ಮಾಡಿ ನೋಡಬೇಕು, ಬಂತು ಅನ್ನಿಸಿದ ಮೇಲೇ ತೋರಿಸಬೇಕು. ಎಲ್ಲರೆದುರು ತಡವರಿಸಿ ಕಲಿಯೋದು ಅಲ್ಲಿ ಇಲ್ಲವೇ ಇಲ್ಲ. ಶಾಲೆ ಮಾತ್ರ ಅದನ್ನೇ ಕೇಳುತ್ತದೆ, ಸಿಗದಿದ್ದರೆ ದಡ್ಡರು ಅನ್ನುತ್ತದೆ.

ಭೇದಭಾವಕ್ಕೆ ಬೈಗುಳವೇ ಬೇಕಂತಿಲ್ಲ, ಅಲ್ವಾ?

ಆರಿಜೋನಾದ ಟೂಸಾನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾನವಶಾಸ್ತ್ರಜ್ಞರ ಜೊತೆ ಸೇರಿ ಟೀಚರ್‌ಗಳೇ ಮೆಕ್ಸಿಕನ್ ಮೂಲದ ಮಕ್ಕಳ ಮನೆಗಳಿಗೆ ಹೋದರು, ದೂರು ಹೇಳೋಕಲ್ಲ, ಕಲಿಯೋಕೆ. ಬೇಸಾಯ, ಕಟ್ಟಡ ಕೆಲಸ, ವ್ಯಾಪಾರ, ಗಿಡಮೂಲಿಕೆ ಔಷಧಿ, ಎಷ್ಟೊಂದು ಗೊತ್ತಿತ್ತು ಆ ಮನೆಗಳಿಗೆ! ಅದನ್ನೇ ಪಾಠಕ್ಕೆ ತಂದರು.

ನನಗಿರೋ ಅಳುಕು ಒಂದೇ. ಇದನ್ನು ಅರ್ಧಂಬರ್ಧ ಓದಿಕೊಂಡು "ಆ ಜನರ ಮಕ್ಕಳು ಮಾತಾಡೋದೇ ಕಮ್ಮಿ ಬಿಡಿ" ಅಂತ ಇನ್ನೊಂದು ಹಣೆಪಟ್ಟಿ ಅಂಟಿಸುವವರೂ ಇರ್ತಾರೆ. ಅವರನ್ನೂ ಒಂದು ವಾರ ಹಿಂದಿನ ಬೆಂಚಲ್ಲಿ ಕೂರಿಸಬೇಕು, ನೋಟ್‌ಬುಕ್ ಕೊಟ್ಟು.