ತಂಡದ ಹಿಂದೆ ಓಡಬೇಡಿ, ಊರು ಹಿಡಿದು ಕೂರಿ: ಆಫ್ರಿಕಾ ಕಪ್ ನೋಡಲು ಹೋಗುವವರಿಗೆ

2024ರ ಜನವರಿ 22, ಸೋಮವಾರ. ಐವರಿ ಕೋಸ್ಟ್‌ನ ಅಬಿಜಾನ್ ನಗರದ ಹೊರಗೆ ಎಬಿಂಪೆ ಅನ್ನುವ ಜಾಗದಲ್ಲಿರುವ 60 ಸಾವಿರ ಜನ ಹಿಡಿಸುವ ಕ್ರೀಡಾಂಗಣ. ಆತಿಥೇಯ ತಂಡ ಈಕ್ವಟೋರಿಯಲ್ ಗಿನಿ ಎದುರು 4-0 ಅಂತರದಲ್ಲಿ ಸೋತಿತ್ತು. ನನ್ನ ಪಕ್ಕದಲ್ಲಿದ್ದ ಐವತ್ತು ದಾಟಿದ ಮನುಷ್ಯ ಮೈಮೇಲಿದ್ದ ಕಿತ್ತಳೆ ಜೆರ್ಸಿ ತೆಗೆದ. ಸಿಟ್ಟಿನಲ್ಲಿ ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ತೊಡೆಯ ಮೇಲಿಟ್ಟು ತೋಳು ಒಳಗೆ ಮಡಚಿ, ಇಸ್ತ್ರಿ ಬಟ್ಟೆ ಮಡಚಿದ ಹಾಗೆ ನೀಟಾಗಿ ಮಡಚಿ, ಅದರ ಮೇಲೆ ಎರಡೂ ಕೈ ಇಟ್ಟು ಕೂತುಬಿಟ್ಟ. ಜನ ಎದ್ದು ಹೋಗುತ್ತಿದ್ದರೂ ಅವನು ಏಳಲಿಲ್ಲ.

ಆಫ್ರಿಕಾ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಆಫ್ರಿಕಾ ಕಪ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ಮುಂದಿನ ಟೂರ್ನಿ 2027ರಲ್ಲಿ ಕೆನ್ಯಾ, ಟಾಂಜಾನಿಯಾ, ಉಗಾಂಡಾ ಮೂರೂ ಸೇರಿ ನಡೆಸುತ್ತವೆ. ನಮಗೆ ಇದಕ್ಕಿಂತ ಹತ್ತಿರ ಆಫ್ರಿಕಾ ಕಪ್ ಬರುವುದು ಕಷ್ಟ. ಹೋಗುವ ಆಸೆ ಇರುವವರಿಗೆ ಉಪಯೋಗ ಆಗಲಿ ಅಂತ ನಾವು ಮಾಡಿದ್ದು, ಎಡವಿದ್ದು ಎರಡನ್ನೂ ಬರೆಯುತ್ತಿದ್ದೇನೆ.

ನಮ್ಮದು ಕರಾವಳಿ. ಮನೆಯಲ್ಲಿ ಗೇರುಬೀಜದ ಕೆಲಸ. ಮಂಗಳೂರು ಕಡೆಯ ಗೇರು ಫ್ಯಾಕ್ಟರಿಗಳಿಗೆ ಊರಿನ ಬೀಜ ಸಾಕಾಗುವುದಿಲ್ಲ, ಆಫ್ರಿಕಾದಿಂದ ತರಿಸಲೇಬೇಕು. ಅದರಲ್ಲಿ ಐವರಿ ಕೋಸ್ಟ್‌ನದ್ದು ದೊಡ್ಡ ಪಾಲು. ಹಾಗಾಗಿ ಆ ದೇಶದ ಹೆಸರು ಗೋಣಿಚೀಲದ ಮೇಲೆ ಓದಿಯೇ ಬೆಳೆದವನು ನಾನು. ನನ್ನ ಅಕ್ಕನ ಗಂಡ, ಅಂದರೆ ಭಾವ, ಫುಟ್‌ಬಾಲ್ ಅಂದರೆ ಊಟ ಬಿಡುವವರು. "ಬೀಜ ಮಾತ್ರ ತರಿಸಿದ್ದು ಸಾಕು ಮಾರಾಯ, ಒಮ್ಮೆ ಆಟ ನೋಡಿ ಬರುವ" ಅಂದರು. ಹೊರಟೆವು.

ಮೊದಲು ಲಸಿಕೆ ವಿಷಯ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್ ಇಲ್ಲದೆ ಐವರಿ ಕೋಸ್ಟ್‌ಗೆ ಹೋಗುವಂತಿಲ್ಲ. ಅದಕ್ಕಿಂತ ಮುಖ್ಯ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಈ ಲಸಿಕೆ ಎಲ್ಲಾ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೆಲವು ಕೇಂದ್ರಗಳಲ್ಲಿ ಮಾತ್ರ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆಯನ್ನೂ ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಸೊಳ್ಳೆ ಕ್ರೀಮ್ ಇದ್ದರೆ ಸಾಕು ಅಂದುಕೊಂಡು ಹೋಗಬೇಡಿ.

ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆವು. ಒಪ್ಪಿಗೆ ಪತ್ರ ತೋರಿಸಿ, ಅಬಿಜಾನ್ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಕೊಟ್ಟು ವೀಸಾ ಅಂಟಿಸಿಕೊಂಡೆವು. ದಾರಿ ಮುಂಬೈ, ಅಡಿಸ್ ಅಬಾಬಾ, ಅಬಿಜಾನ್. ಅಲ್ಲಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟಿಕೆಟ್ ತೆಗೆಯುವಾಗ ಎಲ್ಲರೂ ಮಾಡುವ ತಪ್ಪು ತಂಡವನ್ನು ನೋಡಿ ತೆಗೆಯುವುದು. ಈ ಟೂರ್ನಿಯಲ್ಲಿ 24 ತಂಡ, ಆರು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ಮುಂದೆ ಹೋಗುತ್ತಾರೆ. ಜೊತೆಗೆ ಮೂರನೇ ಸ್ಥಾನದವರಲ್ಲಿ ಒಳ್ಳೆಯ ನಾಲ್ಕು ತಂಡ. ಈ ನಾಲ್ಕು ಯಾವುವು, ಅವು ಯಾರ ಮೇಲೆ ಯಾವ ಊರಲ್ಲಿ ಆಡುತ್ತವೆ ಅನ್ನುವುದು ಗುಂಪಿನ ಕೊನೆಯ ದಿನದವರೆಗೆ ಗೊತ್ತಾಗುವುದೇ ಇಲ್ಲ. ಆದರೆ ಇಂಥ ಗುಂಪಿನ ಮೊದಲನೆಯವರು ಇಂಥ ಊರಲ್ಲಿ ಇಂಥ ದಿನ ಆಡುತ್ತಾರೆ ಅನ್ನುವುದು ಮೊದಲೇ ಅಚ್ಚಾಗಿರುತ್ತದೆ. ಹಾಗಾಗಿ ಊರನ್ನು ಆರಿಸಿ. ಅಲ್ಲಿ ಕೂತರೆ ತಂಡಗಳು ತಾವಾಗಿ ನಿಮ್ಮ ಹತ್ತಿರ ಬರುತ್ತವೆ.

ಇದನ್ನು ನಾವು ಅರ್ಧ ಪಾಲಿಸಿದೆವು, ಅರ್ಧ ಬಿಟ್ಟೆವು. ಪಾಲಿಸಿದ್ದರಿಂದ ಏನಾಯಿತು ಹೇಳುತ್ತೇನೆ. ಅಬಿಜಾನ್‌ನ ಪ್ಲಾಟೋ ಅನ್ನುವ ಭಾಗದಲ್ಲಿ, ನಗರದ ನಡುಮಧ್ಯೆ, ಫೆಲಿಕ್ಸ್ ಉಫುಯೆ ಬ್ವಾಞಿ ಹೆಸರಿನ ಹಳೆಯ ಕ್ರೀಡಾಂಗಣ ಇದೆ. ಜನವರಿ 27ರ ರಾತ್ರಿಯ ಟಿಕೆಟನ್ನು ಯಾರು ಆಡುತ್ತಾರೆ ಅಂತ ಗೊತ್ತಿಲ್ಲದೆಯೇ ತೆಗೆದಿಟ್ಟಿದ್ದೆವು. ಬಂದವರು ಯಾರು ಗೊತ್ತಾ? ನೈಜೀರಿಯಾ ಮತ್ತು ಕ್ಯಾಮರೂನ್! ಲುಕ್‌ಮನ್ ಎರಡು ಗೋಲು ಹೊಡೆದು ನೈಜೀರಿಯಾ 2-0 ಗೆದ್ದಿತು. ಆಟ ಮುಗಿದ ಮೇಲೆ ನಡೆದುಕೊಂಡೇ ಹೊರಬಂದು ಊಟಕ್ಕೆ ಹೋದೆವು.

ಎಬಿಂಪೆ ಹಾಗಲ್ಲ. ಅದು ನಗರದ ಉತ್ತರ ಅಂಚಿನಲ್ಲಿದೆ. ಆಟದ ದಿನ ಆ ಕಡೆಯ ರಸ್ತೆ ತುಂಬಿ ನಿಲ್ಲುತ್ತದೆ. ಸಂಜೆ ಐದರ ಆಟಕ್ಕೆ ನಾವು ಮಧ್ಯಾಹ್ನ ಹನ್ನೆರಡಕ್ಕೆ ಹೊರಟಿದ್ದು ಸರಿಯಾಯಿತು, ಒಂದೂವರೆಗೆ ಹೊರಟವರು ಮೊದಲ ಗೋಲು ತಪ್ಪಿಸಿಕೊಂಡರು. ಕಾರು ಕೊನೆಯವರೆಗೆ ಹೋಗುವುದಿಲ್ಲ. ಶಟಲ್ ಬಸ್, ಆಮೇಲೆ ನಡಿಗೆ. ಜನವರಿ ಅಲ್ಲಿ ಒಣ ತಿಂಗಳು. ಸಹರಾ ಕಡೆಯಿಂದ ಹರ್ಮತಾನ್ ಅನ್ನುವ ಧೂಳುಗಾಳಿ ಬೀಸುತ್ತದೆ, ತುಟಿ ಒಡೆಯುತ್ತದೆ. ತಲೆಗೆ ಟೋಪಿ, ಜೇಬಲ್ಲಿ ಕರವಸ್ತ್ರ ಇರಲಿ.

ಈ ಟೂರ್ನಿ ನಿಜಕ್ಕೂ 2023ರ ಜೂನ್-ಜುಲೈನಲ್ಲಿ ನಡೆಯಬೇಕಿತ್ತು. ಆಗ ಅಲ್ಲಿ ಜೋರು ಮಳೆಗಾಲ. ಅದಕ್ಕೇ ಜನವರಿಗೆ ಹೋಯಿತು, ಹೆಸರಲ್ಲಿ ಮಾತ್ರ 2023 ಉಳಿಯಿತು. ಹೋಟೆಲ್ ಹುಡುಕುವಾಗ, ಹಳೆಯ ವರದಿ ಓದುವಾಗ ಈ ಗೊಂದಲ ಆಗುತ್ತದೆ, ಗಮನವಿರಲಿ.

ಆ 4-0 ಸೋಲಿನ ಮರುದಿನ ಅಬಿಜಾನ್ ಸೂತಕದ ಮನೆಯ ಹಾಗಿತ್ತು. ಬುಧವಾರ ಕೋಚ್ ಗ್ಯಾಸೆಯನ್ನು ಕೆಲಸದಿಂದ ತೆಗೆದರು. ಸಹಾಯಕನಾಗಿದ್ದ ಎಮರ್ಸ್ ಫಾಯೆ ಕೈಗೆ ತಂಡ ಬಂತು. ಆದರೆ ತಂಡ ಟೂರ್ನಿಯಲ್ಲಿ ಉಳಿದಿದೆಯೋ ಇಲ್ಲವೋ ಅದೇ ಗೊತ್ತಿರಲಿಲ್ಲ. ಅದೇ ರಾತ್ರಿ ಸಾನ್ ಪೆದ್ರೊದಲ್ಲಿ ಮೊರಾಕ್ಕೊ ಜಾಂಬಿಯಾವನ್ನು ಸೋಲಿಸಿದರೆ ಮಾತ್ರ ಐವರಿ ಕೋಸ್ಟ್‌ಗೆ ಕೊನೆಯ ಜಾಗ.

ನಾವು ಅಬಿಜಾನ್‌ನ ಟ್ರೆಶ್‌ವಿಲ್ ಅನ್ನುವ ಭಾಗದ ಒಂದು ಮಾಕಿಯಲ್ಲಿ ಕೂತಿದ್ದೆವು. ಮಾಕಿ ಅಂದರೆ ಬಯಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀನು, ಕೋಳಿ ಸುಟ್ಟು ಕೊಡುವ ಊಟದ ಜಾಗ. ಪ್ರತಿ ಮಾಕಿಯಲ್ಲೂ ಟಿವಿ. 37ನೇ ನಿಮಿಷಕ್ಕೆ ಮೊರಾಕ್ಕೊದ ಜಿಯೆಶ್ ಗೋಲು ಹೊಡೆದಾಗ ಆ ಬೀದಿಯಲ್ಲಿ ಎದ್ದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಒಲೆ ಮುಂದೆ ಕೂತಿದ್ದ ಅಮ್ಮ ಮೀನು ತಿರುವುವ ಇಕ್ಕಳ ಹಿಡಿದುಕೊಂಡೇ ಕುಣಿದರು. ಬೇರೆ ದೇಶದ ಗೋಲಿಗೆ ಒಂದು ಊರು ಹೀಗೆ ಕುಣಿದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಟ 1-0 ಮುಗಿಯಿತು. ಭಾವನ ಕಣ್ಣಲ್ಲಿ ನೀರಿತ್ತು.

ಊಟದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಅಟ್ಟಿಯೆಕೆ ಅಂತ ಒಂದಿದೆ. ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ, ಹಬೆಯಲ್ಲಿ ಬೇಯಿಸಿದ್ದು. ನೋಡಲು ನಮ್ಮ ಸಜ್ಜಿಗೆ ಹಾಗೆ, ಸ್ವಲ್ಪ ಹುಳಿ. ಅದರ ಜೊತೆ ಕರಿದ ಟ್ಯೂನಾ ಮೀನು, ಈರುಳ್ಳಿ, ಹಸಿಮೆಣಸು ಸೇರಿದರೆ ಗಾರ್ಬಾ. ನಮ್ಮ ಕರಾವಳಿಯ ನಾಲಿಗೆಗೆ ಇದು ಎರಡೇ ದಿನದಲ್ಲಿ ಒಗ್ಗುತ್ತದೆ. ಸಸ್ಯಾಹಾರಿಗಳಿಗೆ ಅಲೊಕೊ ಇದೆ, ಹಣ್ಣಾದ ದೊಡ್ಡ ಬಾಳೆಯನ್ನು ಎಣ್ಣೆಯಲ್ಲಿ ಕರಿದದ್ದು. ಆದರೆ ಹೆಚ್ಚಿನ ಸಾರುಗಳಲ್ಲಿ ಮೀನೋ ಮಾಂಸವೋ ಇದ್ದೇ ಇರುತ್ತದೆ, ಕೇಳದೆ ತಿನ್ನಬೇಡಿ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋದರೆ ಒಳ್ಳೆಯದು. ಕುಡಿಯಲು ಬಿಸಾಪ್ ಕೇಳಿ, ಪುಂಡಿ ಗಿಡದ ಜಾತಿಯ ಕೆಂಪು ಹೂವಿನ ಶರಬತ್ತು.

ದುಡ್ಡು ಸಿಎಫ್‌ಎ ಫ್ರಾಂಕ್. ಯೂರೋಗೆ ಕಟ್ಟಿಹಾಕಿದ ದರ, ಒಂದು ಯೂರೋಗೆ 655.957. ನಾವು ಹೋದಾಗ ಸಾವಿರ ಫ್ರಾಂಕ್ ಅಂದರೆ ಸುಮಾರು 140 ರೂಪಾಯಿ. ಇಲ್ಲಿಂದ ಯೂರೋ ಒಯ್ದು ಅಲ್ಲಿ ಬದಲಿಸಿ. ಕಾರ್ಡ್ ದೊಡ್ಡ ಹೋಟೆಲಿನಲ್ಲಿ ಮಾತ್ರ ನಡೆಯುತ್ತದೆ. ಸ್ಥಳೀಯರು ಮೊಬೈಲಿನಲ್ಲೇ ಕೊಡುತ್ತಾರೆ, ನಮಗೆ ನಗದೇ ಗತಿ. ಬೆಳಿಗ್ಗೆ ಹತ್ತು ಸಾವಿರದ ನೋಟು ಹಿಡಿದು ಹೊರಟರೆ ಚಿಲ್ಲರೆ ಸಿಗುವುದಿಲ್ಲ. ಓಡಾಟಕ್ಕೆ ಯಾಂಗೋ ಆ್ಯಪ್ ಚೆನ್ನಾಗಿದೆ, ದರ ಮೊದಲೇ ಗೊತ್ತಾಗುತ್ತದೆ. ಒಂದೇ ದಾರಿಯಲ್ಲಿ ಹಲವರನ್ನು ಹತ್ತಿಸಿಕೊಳ್ಳುವ ವೊರೊ-ವೊರೊ ಟ್ಯಾಕ್ಸಿ, ಗ್ಬಾಕಾ ಅನ್ನುವ ವ್ಯಾನು ಅಗ್ಗ, ಆದರೆ ಭಾಷೆ ಬೇಕು. ಅಲ್ಲಿ ಇಂಗ್ಲಿಷ್ ನಡೆಯುವುದು ತುಂಬಾ ಕಡಿಮೆ. ಫ್ರೆಂಚಿನಲ್ಲಿ ಇಪ್ಪತ್ತು ಮಾತು ಕಲಿತು ಹೋಗಿ. ಅನುವಾದದ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನಡೆಯುವ ಹಾಗೆ ಮಾಡಿಟ್ಟುಕೊಳ್ಳಿ.

ಇನ್ನು ನಾವು ಎಡವಿದ ಕಥೆ. ಮೊರಾಕ್ಕೊ ಉಳಿಸಿಕೊಟ್ಟ ಮೇಲೆ ಐವರಿ ಕೋಸ್ಟ್‌ಗೆ ಸಿಕ್ಕಿದ್ದು ಹಾಲಿ ಚಾಂಪಿಯನ್ ಸೆನೆಗಲ್, ಜನವರಿ 29ಕ್ಕೆ, ಯಮುಸುಕ್ರೊದಲ್ಲಿ. ಆತಿಥೇಯರು ಗುಂಪಿನಲ್ಲಿ ಮೊದಲು ಬಂದಿದ್ದರೆ 28ಕ್ಕೆ ಎಬಿಂಪೆಯಲ್ಲಿ ಆಡಬೇಕಿತ್ತು. ಹಾಗೆ ನಂಬಿ ಟಿಕೆಟ್ ತೆಗೆದವರೆಲ್ಲ ಅಲ್ಲಿ ಈಕ್ವಟೋರಿಯಲ್ ಗಿನಿಯ ಆಟ ನೋಡಬೇಕಾಯಿತು. ಯಮುಸುಕ್ರೊ ಕ್ರೀಡಾಂಗಣ ಚಿಕ್ಕದು, 20 ಸಾವಿರ ಜನರದ್ದು. ನಮ್ಮ ಹತ್ತಿರ ಟಿಕೆಟ್ ಇರಲಿಲ್ಲ. ಆದರೂ ಮನಸ್ಸು ಕೇಳಲಿಲ್ಲ, ಕಾರು ಗೊತ್ತು ಮಾಡಿ ಹೊರಟೆವು.

ದಾರಿ ಸುಮಾರು 230 ಕಿಲೋಮೀಟರ್, ಒಳ್ಳೆಯ ಹೆದ್ದಾರಿ. ಅದೇ ದಾರಿ ಮುಂದೆ ಬುವಾಕೆಗೆ ಹೋಗುತ್ತದೆ. ಬುವಾಕೆ ಬೋರ್ಡ್ ಕಂಡಾಗ ಡ್ರೈವರ್ ಮಾತು ತೆಗೆದ. 2002ರಲ್ಲಿ ಅಂತರ್ಯುದ್ಧದಿಂದ ದೇಶ ಎರಡಾದಾಗ ಬಂಡುಕೋರರ ಕೇಂದ್ರವಾಗಿದ್ದದ್ದು ಅದೇ ಊರು. 2005ರ ಅಕ್ಟೋಬರಿನಲ್ಲಿ ಐವರಿ ಕೋಸ್ಟ್ ಸುಡಾನ್ ವಿರುದ್ಧ ಗೆದ್ದು ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದ ದಿನ, ತಂಡದ ತಾರೆ ಡ್ರೊಗ್ಬಾ ಮತ್ತು ಜೊತೆಗಾರರು ಟಿವಿ ಕ್ಯಾಮೆರಾ ಮುಂದೆ ಮಂಡಿಯೂರಿ, ಆಯುಧ ಕೆಳಗಿಡಿ ಅಂತ ಬೇಡಿಕೊಂಡರು. 2007ರ ಜೂನ್‌ನಲ್ಲಿ ಮಡಗಾಸ್ಕರ್ ಎದುರಿನ ಆಟವನ್ನು ಬುವಾಕೆಯಲ್ಲೇ ಆಡಿಸಿದರು, 5-0 ಗೆದ್ದರು. "ಆ ದಿನ ನಾನು ಅಲ್ಲಿದ್ದೆ" ಅಂದ ಡ್ರೈವರ್. ಅಷ್ಟೇ ಹೇಳಿ ಸುಮ್ಮನಾದ. ದಾರಿ ಬದಿಯ ಗೇರು ಮರಗಳಲ್ಲಿ ಹಣ್ಣು ಆಗಲೇ ಕೆಂಪಗಾಗಲು ಶುರುವಾಗಿತ್ತು. ನಮ್ಮ ಫ್ಯಾಕ್ಟರಿಗೆ ಬರುವ ಬೀಜ ಮರದಲ್ಲಿರುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಕಾರು ನಿಲ್ಲಿಸಿ ಒಂದು ಮುಟ್ಟಿ ಬಂದೆ.

ಯಮುಸುಕ್ರೊದಲ್ಲಿ ಬೆಳಿಗ್ಗೆಯೇ ತಲುಪಿದರೆ ಬಸಿಲಿಕಾ ನೋಡಿ. ಜಗತ್ತಿನ ಅತಿ ದೊಡ್ಡ ಚರ್ಚುಗಳಲ್ಲಿ ಒಂದು. ಸಂಜೆ ಹೊತ್ತಿಗೆ ಕ್ರೀಡಾಂಗಣದ ಹತ್ತಿರ ಒಬ್ಬ ಹುಡುಗ ಮೊಬೈಲಿನಲ್ಲಿ ಎರಡು ಟಿಕೆಟ್ ತೋರಿಸಿದ. ಭಾವ ಮೂರು ಪಟ್ಟು ದುಡ್ಡು ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿಕೊಂಡರು. ಗೇಟಿನಲ್ಲಿ ಯಂತ್ರಕ್ಕೆ ಹಿಡಿದರೆ ಕೆಂಪು ದೀಪ. ಅದೇ ಕೋಡ್‌ನಲ್ಲಿ ಬೇರೆ ಯಾರೋ ಆಗಲೇ ಒಳಗೆ ಹೋಗಿದ್ದರು. ದಯವಿಟ್ಟು ಸ್ಕ್ರೀನ್‌ಶಾಟ್ ಟಿಕೆಟ್ ಯಾರಿಂದಲೂ ಕೊಳ್ಳಬೇಡಿ. ಎಷ್ಟೇ ಆಸೆಯಾದರೂ ಬೇಡ.

ಆ ಆಟವನ್ನೂ ಮಾಕಿಯಲ್ಲೇ ನೋಡಿದೆವು. 4ನೇ ನಿಮಿಷಕ್ಕೇ ಸೆನೆಗಲ್ ಗೋಲು. 86ನೇ ನಿಮಿಷಕ್ಕೆ ಐವರಿ ಕೋಸ್ಟ್‌ನ ಕೆಸ್ಸಿಯೆ ಪೆನಾಲ್ಟಿಯಲ್ಲಿ ಸಮ ಮಾಡಿದ. ಮೊದಲು ಟಿವಿಯಲ್ಲಲ್ಲ, ಕ್ರೀಡಾಂಗಣದ ಕಡೆಯಿಂದ ಗಾಳಿಯಲ್ಲಿ ಕೂಗು ಬರುತ್ತಿತ್ತು. ಎರಡು ಮೂರು ಸೆಕೆಂಡಾದ ಮೇಲೆ ಟಿವಿಯಲ್ಲಿ ಗೋಲು. ಪೆನಾಲ್ಟಿ ಶೂಟೌಟ್ ಹೊತ್ತಿಗೆ ಜನ ಟಿವಿ ನೋಡುವುದನ್ನೇ ಬಿಟ್ಟು, ಕಣ್ಣು ಮುಚ್ಚಿ ಗಾಳಿಗೆ ಕಿವಿಕೊಟ್ಟಿದ್ದರು. 5-4, ಐವರಿ ಕೋಸ್ಟ್ ಗೆದ್ದಿತು.

ನಮ್ಮ ರಿಟರ್ನ್ ಟಿಕೆಟ್ 31ಕ್ಕೆ ಇತ್ತು. ದಿನ ಬದಲಿಸಲು ಆಗದ ಅಗ್ಗದ ಟಿಕೆಟ್. ಬುವಾಕೆಯಲ್ಲಿ ಮಾಲಿ ವಿರುದ್ಧ ಹತ್ತೇ ಜನ ಆಡಿ ಗೆದ್ದದ್ದು, ಸೆಮಿಫೈನಲ್, ಎಲ್ಲವನ್ನೂ ಊರಿನಲ್ಲಿ ಕೂತು ನೋಡಿದೆವು. ಫೈನಲ್ ನಮಗೆ ಫೆಬ್ರವರಿ 12ರ ನಡುರಾತ್ರಿ ಒಂದೂವರೆಗೆ. ಕ್ಯಾನ್ಸರ್ ಗೆದ್ದು ಬಂದ ಸೆಬಾಸ್ಟಿಯನ್ ಅಲೇ 81ನೇ ನಿಮಿಷಕ್ಕೆ ಕಾಲು ಚಾಚಿ ಗೆಲುವಿನ ಗೋಲು ಹೊಡೆದಾಗ ಅಕ್ಕ ಎದ್ದು ಬಂದು ದೀಪ ಹಾಕಿದಳು. ನೈಜೀರಿಯಾ ವಿರುದ್ಧ 2-1. ಜೆರ್ಸಿ ಮಡಚಿಟ್ಟ ಆ ಮನುಷ್ಯ ಅದನ್ನು ಮತ್ತೆ ಹಾಕಿಕೊಂಡಿರುತ್ತಾನೆ ಅಲ್ವಾ ಅಂತ ಭಾವ ಕೇಳಿದರು.

2027ಕ್ಕೆ ಹೋಗುವವರಿಗೆ ಸ್ವಲ್ಪ ಸುಲಭ ಇದೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ, ಇಂಗ್ಲಿಷ್ ನಡೆಯುತ್ತದೆ, ಮೂರೂ ದೇಶಗಳಲ್ಲಿ ಭಾರತೀಯರು ತಲೆಮಾರುಗಳಿಂದ ಇದ್ದಾರೆ. ಆದರೆ ಮೂರು ದೇಶ ಅಂದರೆ ಮಧ್ಯೆ ಗಡಿಗಳಿವೆ. ಕೆನ್ಯಾ, ಉಗಾಂಡಾ, ರುವಾಂಡಾಕ್ಕೆ ಸೇರಿಸಿ ಒಂದು ಪ್ರವಾಸಿ ವೀಸಾ ಇದೆ, ಟಾಂಜಾನಿಯಾ ಅದರಲ್ಲಿ ಇಲ್ಲ, ಅದಕ್ಕೆ ಬೇರೆಯೇ ಬೇಕು. ಹೊರಡುವ ಮೊದಲು ಹೊಸ ನಿಯಮ ನೋಡಿಕೊಳ್ಳಿ. ಐವರಿ ಕೋಸ್ಟ್‌ನಲ್ಲಿ ಊರಿಂದ ಊರಿಗೆ ಓಡಿದ ಹಾಗೆ ಅಲ್ಲಿ ದೇಶದಿಂದ ದೇಶಕ್ಕೆ ಓಡಲು ಆಗುವುದಿಲ್ಲ. ನಾನು ಮತ್ತು ಭಾವ ಈ ಸಲ ಒಂದೇ ಊರು ಅಂತ ತೀರ್ಮಾನ ಮಾಡಿದ್ದೇವೆ. ಅವರು ನೈರೋಬಿ ಅನ್ನುತ್ತಾರೆ, ನಾನು ಸಮುದ್ರ ಇರುವ ದಾರ್ ಎಸ್ ಸಲಾಮ್ ಅನ್ನುತ್ತೇನೆ. ರಿಟರ್ನ್ ಟಿಕೆಟ್ ಮಾತ್ರ ಫೈನಲ್ ಮುಗಿದು ಎರಡು ದಿನದ ಮೇಲೆ. ಅದರಲ್ಲಿ ಇಬ್ಬರದ್ದೂ ಒಂದೇ ಮಾತು.