ಮೊರದಲ್ಲಿ ಮೂರು ಕಾಳು

ಹಲ್ಲು ನೋವಿಗೆ ಡಾಕ್ಟರ್ ಬರೆದುಕೊಟ್ಟಿದ್ದು ಐದು ದಿನದ ಆ್ಯಂಟಿಬಯಾಟಿಕ್. ಪೂರ್ತಿ ಆರಾಮಾಗಲಿ ಎಂದು ಇನ್ನೈದು ದಿನದ ಗುಳಿಗೆ ನಾನೇ ತಂದು ನುಂಗಿದೆ. ಹಲ್ಲು ಸುಮ್ಮನಾಯಿತು, ಹೊಟ್ಟೆ ಶುರು ಮಾಡಿತು.

ಆ ಭಾನುವಾರ ಧಾರವಾಡದಲ್ಲಿ ಎಂಎಸ್ಸಿ ಗಣಿತ ಓದುವ ಅಕ್ಕನ ಮಗಳು ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಮೂರನೇ ಸಲ ಸಂಡಾಸಿನಿಂದ ಬಂದು ಕೂತವನು, "ಯಾವ ಕೆಟ್ಟ ಹುಳ ಹೊಕ್ಕೈತೋ" ಎಂದು ಗೊಣಗಿದೆ.

"ಹುಳದ್ದೊಂದೇ ತಪ್ಪಲ್ಲ ಮಾಮಾ, ಒಳಗಿನ ಆಟಾನೇ ಕೆಟ್ಟಿರಬಹುದು."

ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆಯಂತೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಯಾವುದು ಗೆಲ್ಲುತ್ತದೆ ಅನ್ನೋದು ಅದರ ಪಕ್ಕ ಯಾರಿದ್ದಾರೆ ಅನ್ನೋದರ ಮೇಲೂ ನಿಂತಿದೆ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಜಗಳಕ್ಕೆ ಹಚ್ಚಿದ ಆಟದ ಲೆಕ್ಕವೇ (ಗೇಮ್ ಥಿಯರಿ) ಇದು. ನನ್ನ ಮುಖ ನೋಡಿ ಅವಳು ಅಡುಗೆಮನೆಯಿಂದ ಮೊರ ತಂದಳು. ಜೋಳ, ಹೆಸರು, ಮಡಕಿಕಾಳನ್ನು ಬೇರೆ ಬೇರೆ ಗುಂಪಾಗಿ ಸುರಿದಳು. ಒಂದೊಂದು ಕಾಳೂ ಒಂದೊಂದು ಬಗೆಯ ಬ್ಯಾಕ್ಟೀರಿಯಾ ಅಂದುಕೊಳ್ಳಬೇಕಂತೆ.

ಜೋಳ ವಿಷ ಕಾರುತ್ತದೆ, ಹೆಸರು ಸಾಯುತ್ತದೆ. ಮಡಕಿ ವಿಷಕ್ಕೆ ಬಗ್ಗಲ್ಲ, ವಿಷ ಮಾಡುವ ಖರ್ಚೂ ಇಲ್ಲ, ಹಾಗಾಗಿ ಜೋಳಕ್ಕಿಂತ ಬೇಗ ಬೆಳೆಯುತ್ತದೆ. ಆದರೆ ತಡೆದುಕೊಳ್ಳೋದಕ್ಕೂ ಖರ್ಚಿದೆ. ಆ ಖರ್ಚೂ ಇಲ್ಲದ ಹೆಸರು ಮಡಕಿಯನ್ನು ಹಿಂದೆ ಹಾಕುತ್ತದೆ. ಕಲ್ಲು, ಕಾಗದ, ಕತ್ತರಿ ಆಟದ ಹಾಗೆ, ಪ್ರತಿಯೊಂದೂ ಒಂದನ್ನು ಗೆದ್ದು ಇನ್ನೊಂದಕ್ಕೆ ಸೋಲುತ್ತದೆ! 2002ರಲ್ಲಿ ಇ-ಕೊಲೈ ಬ್ಯಾಕ್ಟೀರಿಯಾದ ಇಂಥ ಮೂರು ಬಗೆಗಳನ್ನು ಬೆಳೆಸಿ ನೋಡಿದ್ದರಂತೆ. ಕದಲದ ತಟ್ಟೆಯಲ್ಲಿ ಮೂರೂ ಬದುಕಿದವು.

"ಅಲುಗಾಡಿಸಿದ್ರ?" ಎಂದಳು. ಎಲ್ಲ ಕಾಳನ್ನೂ ಡಬ್ಬಿಗೆ ಸುರಿದು ಗಡಗಡ ಕುಲುಕಿದಳು. ಆ ಬ್ಯಾಕ್ಟೀರಿಯಾಗಳನ್ನು ಹಾಗೆ ಕಲಸಿಟ್ಟಾಗ ಉಳಿದಿದ್ದು ಮಡಕಿ ಒಂದೇ, ಅಂದರೆ ವಿಷ ತಡೆಯುವ ಬಗೆ.

"ಅಂದ್ರ ಭೇದಿ ಅಂದ್ರ ಡಬ್ಬಿ ಕುಲುಕಿದಂಗೇನು?"

ನಕ್ಕಳು. ಲೆಕ್ಕ ಅಷ್ಟು ಸುಲಭ ಇಲ್ಲವಂತೆ. ಆದರೆ ಗುಳಿಗೆ ಆಟಗಾರರನ್ನೇ ಎಬ್ಬಿಸಿ ಕಳಿಸುತ್ತದೆ. ಪಿತ್ತರಸವನ್ನು ಬದಲಿಸಿ ಸಿ. ಡಿಫಿಸಿಲ್ ಎಂಬ ಭೇದಿ ತರುವ ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಹೋದರೆ, ಮೂಲೆಯಲ್ಲಿದ್ದ ಅದು ಮನೆಯನ್ನೇ ಹಿಡಿಯುತ್ತದೆ. ಒಂದು ಬಟ್ಟಲು ಮೊಸರಿಗೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ ನಾನು. ಮೊಸರಿನ ಬ್ಯಾಕ್ಟೀರಿಯಾ ಬಹುತೇಕ ಬಂದು ಹೋಗುವ ನೆಂಟರು ಅಷ್ಟೇ ಅಂದಳು. "ನಿನಗ ಅದೇ ಆಗೈತಿ ಅಂತಲ್ಲ ಮತ್ತ. ನಾಳೆ ಡಾಕ್ಟರ್‌ಗೆ ತೋರಿಸು," ಎಂದಳು.

ಅಷ್ಟರಲ್ಲಿ ಅವ್ವ ಡಬ್ಬಿ ತೆರೆದು ನೋಡಿದಳು.

"ಯಾರು ಕಲಸಿದ್ದು ಇದನ್ನ? ಆರಿಸ್ರಿ ಈಗ!"

ಹುಡುಗಿ ಬಸ್ಸಿನ ನೆಪ ಹೇಳಿ ಜಾರಿಕೊಂಡಳು. ಜೋಳ ಬೇಗ ಬೇರೆಯಾಯಿತು. ಹೆಸರು, ಮಡಕಿ ಆರಿಸುತ್ತ ಕತ್ತಲಾಯಿತು, ನಡುನಡುವೆ ಎರಡು ಸಲ ಎದ್ದು ಓಡಿದ್ದೂ ಆಯಿತು.