ವ್ಯಾಂಡೇಲಿಯಾದ ಮಹಡಿಯಲ್ಲಿ ಶಾಸಕ ಲಿಂಕನ್

ಲಿಂಕನ್ ಅಂದರೆ ನಮಗೆ ಅಮೆರಿಕದ ಅಧ್ಯಕ್ಷ. ಅದಕ್ಕೂ ಮೊದಲು, 1834ರಿಂದ ಸತತ ನಾಲ್ಕು ಸಲ ಗೆದ್ದು, ಎಂಟು ವರ್ಷ ಇಲಿನಾಯ್ ರಾಜ್ಯದ ಶಾಸಕರಾಗಿದ್ದ ಲಿಂಕನ್ ಒಬ್ಬರಿದ್ದಾರೆ. ಅವರನ್ನು ನೋಡಬೇಕಾದರೆ ಆಗ ರಾಜ್ಯದ ರಾಜಧಾನಿಯಾಗಿದ್ದ ವ್ಯಾಂಡೇಲಿಯಾಕ್ಕೇ ಹೋಗಬೇಕು. ಸೇಂಟ್ ಲೂಯಿಸ್‌ನಿಂದ ಪೂರ್ವಕ್ಕೆ ಇಂಟರ್‌ಸ್ಟೇಟ್ 70ರಲ್ಲಿ ಸುಮಾರು 70 ಮೈಲಿ. ಊರಲ್ಲಿ ರೈಲು ನಿಲ್ಲುವುದಿಲ್ಲ. ಹತ್ತಿರದ ಆಮ್‌ಟ್ರ್ಯಾಕ್ ನಿಲ್ದಾಣ ಎಫಿಂಗ್‌ಹ್ಯಾಮ್, 30 ಮೈಲಿ ದೂರ. ಹಾಗಾಗಿ ಕಾರು ಇಲ್ಲದೆ ಹೊರಡಬಾರದು. ಹಳೆಯ ಶಾಸನಸಭೆಯ ಕಟ್ಟಡ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ದಿನ, ವೇಳೆ ವಿಚಾರಿಸದೆ ಹೋದರೆ ಮುಚ್ಚಿದ ಬಾಗಿಲಿನ ಎದುರು ಫೋಟೋ ತೆಗೆದುಕೊಂಡು ವಾಪಸಾಗಬೇಕಾಗುತ್ತದೆ. ಇಷ್ಟು ದೂರ ಬಂದು ಮಹಡಿ ಹತ್ತದಿದ್ದರೆ ಬಂದದ್ದೇ ದಂಡ.

ಊರ ನಡುವೆ ಎರಡಂತಸ್ತಿನ ಬಿಳಿ ಕಟ್ಟಡ. ಎದುರಿನ ಎತ್ತರದ ಕಂಬಗಳನ್ನು ನೋಡಿ ಮೋಸಹೋಗಬಾರದು, ಅವು ಲಿಂಕನ್ ಕಾಲದವಲ್ಲ. ರಾಜಧಾನಿ ಕೈಬಿಟ್ಟ ಮೇಲೆ ಇದು ಜಿಲ್ಲಾ ನ್ಯಾಯಾಲಯವಾಯಿತು, ಕಂಬಗಳ ಮುಖಮಂಟಪ ಆಗ ಸೇರಿದ್ದು. ಕಟ್ಟಡ 1836ರದ್ದು. ರಾಜಧಾನಿ ಬೇರೆ ಊರಿಗೆ ಹೋಗುವ ಸುಳಿವು ಸಿಕ್ಕ ವ್ಯಾಂಡೇಲಿಯಾದವರು ಹಳೆಯ, ಬೀಳುವಂತಿದ್ದ ಸಭಾಭವನ ಕೆಡವಿ ಕೆಲವೇ ತಿಂಗಳಲ್ಲಿ ಇದನ್ನು ಎಬ್ಬಿಸಿದರು. ಡಿಸೆಂಬರಿನಲ್ಲಿ ಅಧಿವೇಶನ ಶುರುವಾದಾಗ ಗೋಡೆಯ ಗಿಲಾವು ಇನ್ನೂ ಒಣಗಿರಲಿಲ್ಲ. ಚಳಿಗಾಲ, ಹಸಿ ಗೋಡೆ, ಒಲೆಯ ಕಾವು ಮುಟ್ಟದ ಮೂಲೆಗಳು. ಶಾಸಕರು ಕೂತದ್ದು ಅಂಥ ಕೋಣೆಯಲ್ಲಿ.

ಕೆಳಗೆ ಕಚೇರಿಗಳು ಮತ್ತು ರಾಜ್ಯದ ಸುಪ್ರೀಂ ಕೋರ್ಟು, ಮೇಲೆ ಎರಡು ಸದನ. ಈ ಏರ್ಪಾಡಿಗೆ ಅರ್ಥವಿದೆ. 1818ರ ರಾಜ್ಯ ಸಂವಿಧಾನದ ಪ್ರಕಾರ ಗವರ್ನರ್ ಒಬ್ಬರೇ ಮಸೂದೆ ತಡೆಯುವಂತಿರಲಿಲ್ಲ. ಅವರೂ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಕೂಡಿದ ಪರಿಶೀಲನಾ ಮಂಡಳಿ ಅದನ್ನು ನೋಡಬೇಕಿತ್ತು. ಮೇಲೆ ಪಾಸಾದದ್ದು ಒಂದೇ ಮೆಟ್ಟಿಲಸಾಲು ಇಳಿದರೆ ಅದನ್ನು ತೂಗುವವರ ಕೈ ಸೇರುತ್ತಿತ್ತು.

ಪ್ರತಿನಿಧಿ ಸಭೆಯ ಕೋಣೆಯಲ್ಲಿ ಮೇಜು, ಮೇಣದಬತ್ತಿ, ಗರಿಯ ಲೇಖನಿಗಳನ್ನು ಆ ಕಾಲಕ್ಕೆ ಹೊಂದುವಂತೆ ಜೋಡಿಸಿದ್ದಾರೆ. 1836ರಲ್ಲಿ ಇಂಥದೊಂದು ಕೋಣೆಗೆ 91 ಮಂದಿ. ಲಿಂಕನ್ ಮೊದಲು ಶಾಸಕರಾಗಿ ಬಂದದ್ದು ಅದಕ್ಕೂ ಎರಡು ವರ್ಷ ಮೊದಲು, ಹಳೆಯ ಭವನಕ್ಕೆ. ಆಗ ವಯಸ್ಸು 25. ನ್ಯೂ ಸೇಲಂ ಹಳ್ಳಿಯ ಅಂಚೆ ಮಾಸ್ತರು, ಜೊತೆಗೆ ಭೂಮಾಪನದ ಕೆಲಸ, ಮುಳುಗಿದ ಅಂಗಡಿಯ ಸಾಲ. ಗೆದ್ದ ಮೇಲೆ ನೆರೆಯ ರೈತರೊಬ್ಬರಿಂದ 200 ಡಾಲರ್ ಸಾಲ ಎತ್ತಿ, ಅದರಲ್ಲಿ 60 ಡಾಲರಿಗೆ ಸೂಟು ಹೊಲಿಸಿದರು. ಶಾಸಕರ ದಿನಭತ್ಯೆ 3 ಡಾಲರ್. ಬಟ್ಟೆಗೇ 20 ದಿನದ ಸಂಬಳ ಹೋಯಿತು. ಮತದಾರರು ಅವರನ್ನು ಆರಿಸಿದ್ದು ಚೀಟಿ ಹಾಕಿ ಅಲ್ಲ. ಗುಮಾಸ್ತನ ಎದುರು ನಿಂತು ಅಭ್ಯರ್ಥಿಯ ಹೆಸರು ಎಲ್ಲರ ಕಿವಿಗೂ ಬೀಳುವಂತೆ ಹೇಳುವುದು ಆಗಿನ ಪದ್ಧತಿ.

ಈ ಮಹಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುವುದು 1837ರ ಫೆಬ್ರವರಿ ಕೊನೆಯ ಐದಾರು ದಿನ. ಲಿಂಕನ್ ಸೇರಿ ಸ್ಯಾಂಗಮನ್ ಜಿಲ್ಲೆಯ ಇಬ್ಬರು ಸೆನೆಟರು, ಏಳು ಪ್ರತಿನಿಧಿಗಳು ರಾಜಧಾನಿಯನ್ನು ಸ್ಪ್ರಿಂಗ್‌ಫೀಲ್ಡಿಗೆ ಒಯ್ಯಲು ಹೊರಟಿದ್ದರು. ಬಲು ಎತ್ತರದ ಈ ಒಂಬತ್ತು ಜನರಿಗೆ ‘ಉದ್ದನೆಯ ಒಂಬತ್ತು’ ಎಂಬ ಹೆಸರೇ ಬಿದ್ದಿತ್ತು. ರೈಲು, ಕಾಲುವೆ, ರಸ್ತೆಗಳಿಗೆ ಸುಮಾರು ಒಂದು ಕೋಟಿ ಡಾಲರ್ ಸಾಲದ ಕಾಯ್ದೆಯೂ ಅದೇ ವಾರ ಪಾಸಾಯಿತು. ರೈಲೂ ಕಾಲುವೆಯೂ ಸಿಗದ ಜಿಲ್ಲೆಗಳಿಗೆ ಹಂಚಲು 2 ಲಕ್ಷ ಡಾಲರ್ ಬೇರೆ. ನಮಗೆ ಊರು, ನಿಮಗೆ ರೈಲು ಎಂಬ ಕೊಡುಕೊಳ್ಳುವಿಕೆ ಎಷ್ಟು ನಡೆಯಿತು ಎಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಾಯ್ದೆಗೆ ಲಿಂಕನ್ ಮನಸಾರೆ ಕೈ ಎತ್ತಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಅದೇ ವರ್ಷದ ಆರ್ಥಿಕ ಕುಸಿತದಲ್ಲಿ ಯೋಜನೆ ನೆಲಕಚ್ಚಿತು. ಸಾಲ ಮಾತ್ರ ದಶಕಗಳ ಕಾಲ ರಾಜ್ಯದ ಹೆಗಲ ಮೇಲೆ ಉಳಿಯಿತು. ಅವರ ಶಾಸಕ ಜೀವನದ ದೊಡ್ಡ ತಪ್ಪು ಇದೇ.

ಫೆಬ್ರವರಿ 28ರಂದು ರಾಜಧಾನಿಗೆ ಮತ. ಮೊದಲ ಸುತ್ತಿನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಿದ್ದದ್ದು 35, ನಾಲ್ಕನೆಯ ಸುತ್ತಿಗೆ 73. ಆ ಊರು 50,000 ಡಾಲರ್ ಮತ್ತು ಎರಡು ಎಕರೆ ಜಾಗ ಕೊಡಬೇಕೆಂಬುದು ಷರತ್ತು. ಲಿಂಕನ್ ಗೆದ್ದರು.

ಮೂರು ದಿನ ಕಳೆದು, ಮಾರ್ಚ್ 3ರಂದು, ಅವರು ಇನ್ನೊಂದು ಕಾಗದ ಸಭೆಯ ಮುಂದಿಟ್ಟರು. ಜನವರಿಯಲ್ಲಿ ಸಭೆ ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯವನ್ನು 77–6ರಿಂದ ಒಪ್ಪಿತ್ತು. ಆರರಲ್ಲಿ ಒಬ್ಬರು ಲಿಂಕನ್. ಗುಲಾಮಗಿರಿಗೆ ಅನ್ಯಾಯವೂ ಕೆಟ್ಟ ನೀತಿಯೂ ಬುನಾದಿ ಎಂದು ಅವರು ಈಗ ಲಿಖಿತವಾಗಿ ದಾಖಲಿಸಿದರು. ಜೊತೆಗೆ, ನಿರ್ಮೂಲನವಾದಿಗಳ ಪ್ರಚಾರ ಆ ಕೇಡನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ ಎಂದೂ ಬರೆದರು. ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಸರಿಯಲ್ಲ. ಅವರೊಂದಿಗೆ ಸಹಿ ಹಾಕಿದ್ದು ಸ್ಯಾಂಗಮನ್ ಜಿಲ್ಲೆಯ ಇನ್ನೊಬ್ಬ ಪ್ರತಿನಿಧಿ ಡ್ಯಾನ್ ಸ್ಟೋನ್ ಒಬ್ಬರೇ. ರಾಜಧಾನಿಯ ಮತ ಕೈಸೇರುವ ತನಕ ಕಾಗದ ಹೊರಬರಲಿಲ್ಲ ಎಂಬುದನ್ನು ತಾರೀಖುಗಳೇ ಹೇಳುತ್ತವೆ. ಆದರೂ ಬಂತು, ಬರಲೇಬೇಕೆಂಬ ಒತ್ತಾಯ ಯಾರದೂ ಇರಲಿಲ್ಲ. 1860ರಲ್ಲಿ ಚುನಾವಣೆಗೆಂದು ಬರೆದುಕೊಟ್ಟ ಆತ್ಮಪರಿಚಯದಲ್ಲಿ ಲಿಂಕನ್ ಇದೇ ಪ್ರತಿಭಟನೆಯನ್ನು ಎತ್ತಿ, ತಮ್ಮ ನಿಲುವು ಅಂದಿನದೇ ಎಂದರು.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ತಪ್ಪಿಸಲು ಲಿಂಕನ್ ಕಿಟಕಿಯಿಂದ ಹಾರಿದ ಕಥೆಯನ್ನು ಈ ಕಟ್ಟಡಕ್ಕೆ ಅಂಟಿಸುವುದುಂಟು. ಅದು ನಡೆದದ್ದು ಸ್ಪ್ರಿಂಗ್‌ಫೀಲ್ಡಿನಲ್ಲಿ, 1840ರ ಡಿಸೆಂಬರಿನಲ್ಲಿ. ಹೊಸ ಭವನ ಸಿದ್ಧವಾಗದೆ ಸಭೆ ಆಗ ಚರ್ಚೊಂದರಲ್ಲಿ ಕೂಡುತ್ತಿತ್ತು. ಹಾರಿದ್ದರಿಂದ ಪ್ರಯೋಜನವೂ ಆಗಲಿಲ್ಲ, ಅವರನ್ನು ಹಾಜರೆಂದೇ ಲೆಕ್ಕ ಹಿಡಿದಿದ್ದರು.

ಸ್ಪ್ರಿಂಗ್‌ಫೀಲ್ಡಿಗೆ ಹೆದ್ದಾರಿ 51 ಹಿಡಿದು ಪೇನಾ ತನಕ, ಅಲ್ಲಿಂದ ಟೇಲರ್‌ವಿಲ್ ಮೇಲೆ 29ರಲ್ಲಿ ಹೋಗುವುದು ಒಳ್ಳೆಯದು. ಉದ್ದಕ್ಕೂ ಮೆಕ್ಕೆಜೋಳ, ಸೋಯಾ ಹೊಲಗಳು. ಅಲ್ಲಿನ ಹಳೆಯ ಶಾಸನಸಭೆ ಭವ್ಯವಾಗಿದೆ, ನಿಜ. ಆದರೆ 1960ರ ದಶಕದಲ್ಲಿ ಅದರ ಕಲ್ಲುಗಳಿಗೆ ನಂಬರು ಹಾಕಿ ಬಿಚ್ಚಿ, ಅಡಿಯಲ್ಲಿ ಪಾರ್ಕಿಂಗ್ ಮಾಡಿ, ಮತ್ತೆ ಕಟ್ಟಿದ್ದಾರೆ. ವ್ಯಾಂಡೇಲಿಯಾ ನೋಡಿದ ಕಣ್ಣಿಗೆ ಇದು ತೀರ ನುಣುಪು.

ಭವನಕ್ಕಿಂತ ಅದರೆದುರಿನ ಚೌಕದಲ್ಲಿ ನಿಲ್ಲಬೇಕು. 1837ರ ಏಪ್ರಿಲ್ 15ರಂದು, ಈ ಊರಿಗೆ ರಾಜಧಾನಿ ತಂದುಕೊಟ್ಟ ಶಾಸಕ ಸಾಲದ ಕುದುರೆಯ ಮೇಲೆ, ಎರಡು ಜೀನುಚೀಲ ಹಾಕಿಕೊಂಡು ಇಲ್ಲಿಗೆ ಬಂದರು. ಜೋಶುವಾ ಸ್ಪೀಡ್ ಅವರ ಅಂಗಡಿ ಇಲ್ಲಿತ್ತು. ಹಾಸಿಗೆ, ಹೊದಿಕೆ, ದಿಂಬಿನ ಬೆಲೆ ಕೇಳಿದರು. ಸ್ಪೀಡ್ ಲೆಕ್ಕ ಹಾಕಿ 17 ಡಾಲರ್ ಅಂದರು. ಬೆಲೆ ಕಡಿಮೆಯೇ, ಆದರೆ ಕೈಯಲ್ಲಿ ದುಡ್ಡಿಲ್ಲ, ವಕೀಲಿಕೆ ಹತ್ತಿದರೆ ಕ್ರಿಸ್‌ಮಸ್ಸಿಗೆ ಕೊಡುತ್ತೇನೆ, ಹತ್ತದಿದ್ದರೆ ಕೊಡಲು ಆಗದೇ ಹೋದೀತು ಎಂದರು ಲಿಂಕನ್. ಇಷ್ಟು ಬಾಡಿದ ಮುಖವನ್ನು ತಾನು ಕಂಡಿರಲಿಲ್ಲ ಎಂದು ಸ್ಪೀಡ್ ಆಮೇಲೆ ನೆನೆದಿದ್ದಾರೆ. ಮೇಲೆ ನನ್ನ ಕೋಣೆಯಲ್ಲಿ ದೊಡ್ಡ ಮಂಚವಿದೆ, ಹಂಚಿಕೊಳ್ಳಬಹುದು ಎಂದರು. ಲಿಂಕನ್ ಮಾತಾಡದೆ ಮೇಲೆ ಹೋಗಿ ಚೀಲ ಇಟ್ಟು ಬಂದು, ನಗುತ್ತ, ‘ಸ್ಪೀಡ್, ನಾನು ಬಿಡಾರ ಬದಲಿಸಿಯಾಯಿತು’ ಎಂದರು. ಸುಮಾರು ನಾಲ್ಕು ವರ್ಷ ಇಬ್ಬರೂ ಅದೇ ಅಂಗಡಿಯ ಮೇಲಿದ್ದರು.